ಕೂಸಿಗೆ ನೀರು ಎಂದಿನಿಂದ? ಮೊದಲ ವರ್ಷಕ್ಕೊಂದು ಮಾರ್ಗದರ್ಶಿ

ಮಗು ಹುಟ್ಟಿದ ಮನೆಗಳಲ್ಲಿ ಒಂದು ವಿಚಿತ್ರವನ್ನು ನಾನು ಹಲವು ಸಲ ಕಂಡಿದ್ದೇನೆ. ನೀರು ಬೇಕೇ ಬೇಕಾದ ಬಾಣಂತಿಗೆ ‘ಜಾಸ್ತಿ ಕುಡಿದರೆ ಹೊಟ್ಟೆ ಬರುತ್ತದೆ, ನಂಜಾಗುತ್ತದೆ’ ಎಂದು ಲೋಟ ಅಳೆದು ಕೊಡುತ್ತಾರೆ. ನೀರಿನ ಅಗತ್ಯವೇ ಇಲ್ಲದ ಕೂಸಿಗೆ ‘ಪಾಪ, ಬಾಯಾರಿರುತ್ತದೆ’ ಎಂದು ಒಳಲೆಯಲ್ಲಿ ಹಾಕುತ್ತಾರೆ. ಇಬ್ಬರಿಗೂ ಇದರಿಂದ ತೊಂದರೆಯೇ. ಈ ಅದಲುಬದಲನ್ನು ಸರಿಪಡಿಸಿಕೊಂಡರೆ ಕೂಸಿನ ನೀರಿನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ. ಉಳಿದರ್ಧ ಆರು ತಿಂಗಳು ತುಂಬಿದ ಮೇಲೆ ನೀರನ್ನು ಎಷ್ಟು, ಯಾವುದರಲ್ಲಿ, ಹೇಗೆ ಕೊಡಬೇಕು ಎಂಬುದಕ್ಕೆ ಸೇರಿದ್ದು.

ನಿಯಮವನ್ನು ಮೊದಲೇ ಹೇಳಿಬಿಡುತ್ತೇನೆ. ಎದೆಹಾಲು ಕುಡಿಯುವ ಮಗುವಿಗೆ 6 ತಿಂಗಳು, ಅಂದರೆ 180 ದಿನ, ತುಂಬುವವರೆಗೆ ನೀರು ಬೇಡ. ಒಂದು ಚಮಚವೂ ಬೇಡ, ಬೇಸಿಗೆಯಲ್ಲೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್ ಮತ್ತು ನಮ್ಮ ಆರೋಗ್ಯ ಇಲಾಖೆ ಮೂರೂ ಹೇಳುವುದು ಇದನ್ನೇ. 2001ಕ್ಕೆ ಮುಂಚೆ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೇ ‘ನಾಲ್ಕರಿಂದ ಆರು ತಿಂಗಳು’ ಎಂದಿತ್ತು. ಆದ್ದರಿಂದ ‘ನಮ್ಮ ಕಾಲದಲ್ಲಿ ಡಾಕ್ಟರೇ ನಾಲ್ಕು ತಿಂಗಳು ಅಂದಿದ್ದರು’ ಎಂದು ಮನೆಯ ಹಿರಿಯರು ವಾದಿಸಿದರೆ ಅವರ ಮಾತು ಸುಳ್ಳಲ್ಲ; ಅಂದಿನಿಂದ ಸಲಹೆ ಬದಲಾಗಿದೆ, ಅಷ್ಟೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರು ತಿಂಗಳೊಳಗಿನ ಮಕ್ಕಳಲ್ಲಿ ಎದೆಹಾಲನ್ನು ಮಾತ್ರ ಕುಡಿಯುತ್ತಿದ್ದವರು ಸುಮಾರು ಶೇ. 64. ಉಳಿದ ಮಕ್ಕಳ ಬಾಯಿಗೆ ಹಾಲಿನ ಜೊತೆ ಬೇರೆ ಏನಾದರೊಂದು ಬೀಳುತ್ತಿತ್ತು.

ನೀರು ಏಕೆ ಬೇಡ

ಎದೆಹಾಲಿನಲ್ಲಿ ಸುಮಾರು ಶೇ. 87ರಿಂದ 88ರಷ್ಟು ನೀರೇ ಇದೆ. ಮಗು ಎದೆಗೆ ಬಾಯಿ ಹಾಕಿದಾಗ ಮೊದಲು ಬರುವ ಹಾಲು ತೆಳ್ಳಗಿದ್ದು ಬಾಯಾರಿಕೆಯನ್ನು ನೀಗುತ್ತದೆ, ಚೀಪುತ್ತಾ ಹೋದಂತೆ ಬರುವ ಹಾಲು ಗಟ್ಟಿಯಾಗಿ ಹೊಟ್ಟೆ ತುಂಬಿಸುತ್ತದೆ. ಬಾಯಾರಿದ ಕೂಸು ಹೆಚ್ಚು ಸಲ, ಸ್ವಲ್ಪ ಸ್ವಲ್ಪ ಹೊತ್ತು ಕುಡಿಯುವುದು ಇದೇ ಕಾರಣಕ್ಕೆ; ಏಪ್ರಿಲ್, ಮೇ ತಿಂಗಳಲ್ಲಿ ಗಂಟೆಗೊಮ್ಮೆ ಹಾಲಿಗೆ ಹಟ ಮಾಡಿದರೆ ‘ಹಾಲು ಸಾಲುತ್ತಿಲ್ಲ’ ಎಂದು ಗಾಬರಿಯಾಗಬೇಕಿಲ್ಲ. ನಮ್ಮ ದೇಶವೂ ಸೇರಿದಂತೆ ಬಿಸಿಲ ನಾಡುಗಳಲ್ಲಿ ನಡೆಸಿದ ಅಧ್ಯಯನಗಳು ಬೇಸಿಗೆಯಲ್ಲೂ ಎದೆಹಾಲಷ್ಟನ್ನೇ ಕುಡಿದ ಮಕ್ಕಳ ಮೈಯಲ್ಲಿ ನೀರಿನಂಶಕ್ಕೆ ಕೊರತೆಯಾಗುವುದಿಲ್ಲ ಎಂದು ಮೂತ್ರ ಪರೀಕ್ಷೆಯಿಂದ ತೋರಿಸಿವೆ. ಆದ್ದರಿಂದ ಕಲಬುರಗಿ, ರಾಯಚೂರಿನ ತಾಯಂದಿರಿಗೂ ಮಡಿಕೇರಿಯ ತಾಯಂದಿರಿಗೂ ನಿಯಮ ಒಂದೇ.

ನೀರು ಕೊಟ್ಟರೆ ಮೂರು ಕಡೆಯಿಂದ ಪೆಟ್ಟು ಬೀಳುತ್ತದೆ. ಮೊದಲನೆಯದು ಕಣ್ಣಿಗೆ ಕಾಣುವುದೇ ಇಲ್ಲ: ಹಸಿಗೂಸಿನ ಹೊಟ್ಟೆ ಬಹಳ ಚಿಕ್ಕದು, ಅದರಲ್ಲಿ ನೀರು ತುಂಬಿದರೆ ಅಷ್ಟು ಹಾಲಿಗೆ ಜಾಗವಿಲ್ಲ, ಮಗು ಚೀಪದೆ ಹೋದರೆ ತಾಯಿಯ ದೇಹ ಹಾಲಿನ ಉತ್ಪತ್ತಿಯನ್ನೂ ಕಡಿಮೆ ಮಾಡುತ್ತದೆ. ಎರಡನೆಯದು ಸೋಂಕು: ನೀರಿನ ಜೊತೆಗೆ ಒಳಲೆ, ಬಟ್ಟಲು, ಬೆರಳು, ಬಾಟಲಿಯ ರಬ್ಬರ್ ಎಲ್ಲದರ ಕೊಳೆಯೂ ಒಳಗೆ ಹೋಗುತ್ತದೆ. ಮೂರನೆಯದು ಅಪರೂಪವಾದರೂ ಅಪಾಯಕಾರಿ. ಎಳೆಯ ಮೂತ್ರಪಿಂಡಗಳಿಗೆ ಹೆಚ್ಚಿನ ನೀರನ್ನು ಬೇಗ ಹೊರಹಾಕುವ ಶಕ್ತಿ ಇನ್ನೂ ಬಂದಿರುವುದಿಲ್ಲವಾದ್ದರಿಂದ ಬರೀ ನೀರು ಹೆಚ್ಚಾದಾಗ ರಕ್ತದಲ್ಲಿನ ಸೋಡಿಯಂ ಕುಸಿದು, ಮಗು ಮಂಕಾಗಿ, ಮುಖ ಊದಿಕೊಂಡು, ಮೈ ತಣ್ಣಗಾಗಿ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು.

ನನ್ನ ಮೊದಲ ಬಾಣಂತನದಲ್ಲಿ ಆದದ್ದು ಮೊದಲನೆಯ ಪೆಟ್ಟು. ಕೂಸಿಗೆ ಎರೆಯಲು ದಿನಾ ಬೆಳಿಗ್ಗೆ ಬರುತ್ತಿದ್ದ ಅಜ್ಜಿ ಹದವಾಗಿ ಎಣ್ಣೆ ತಿಕ್ಕಿ, ಕಾಲ ಮೇಲೆ ಮಲಗಿಸಿಕೊಂಡು ನೀರೆರೆದು, ಸಾಂಬ್ರಾಣಿ ಹೊಗೆ ಕೊಟ್ಟಾದ ಮೇಲೆ ‘ಬಿಸಿನೀರು ಬಿದ್ದು ಗಂಟಲು ಒಣಗಿರ್ತದೆ’ ಎಂದು ಬೆಳ್ಳಿಯ ಒಳಲೆಯ ತುಂಬ ಸಕ್ಕರೆ ಕದಡಿದ ಬೆಚ್ಚಗಿನ ನೀರು ಹಾಕುತ್ತಿದ್ದರು. ಕೂಸು ಚಪ್ಪರಿಸಿಕೊಂಡು ಕುಡಿದು ನಾಲ್ಕು ಗಂಟೆ ಅಲುಗಾಡದೆ ಮಲಗುತ್ತಿತ್ತು. ‘ನೋಡು, ಎಂಥ ನಿದ್ದೆ’ ಎಂದು ಮನೆಯವರಿಗೆಲ್ಲ ಸಂತೋಷ. ನನಗೆ ಮಾತ್ರ ಎದೆ ಕಲ್ಲಾಗಿ, ರವಿಕೆ ತೋಯ್ದು, ಮಧ್ಯಾಹ್ನದ ಹೊತ್ತಿಗೆ ಜ್ವರ ಬಂದಂತಾಗುತ್ತಿತ್ತು. ಮೊದಲ ಲಸಿಕೆಯ ದಿನ ತೂಕ ನೋಡಿದ ನರ್ಸ್ ಮುಖ ಗಂಟಿಕ್ಕಿ, ‘ಹಾಲು ಬಿಟ್ಟು ಇನ್ನೇನು ಕುಡಿಸ್ತಿದ್ದೀರಮ್ಮ?’ ಎಂದು ಕೇಳಿದರು. ಅಷ್ಟೂ ಸುಖನಿದ್ದೆ ಒಂದು ಹೊತ್ತಿನ ಹಾಲನ್ನು ತಪ್ಪಿಸಿ ಬಂದದ್ದು ಎಂದು ನನಗೆ ಹೊಳೆದದ್ದು ಆಗಲೇ. ಮರುದಿನ ಅಜ್ಜಿ ಒಳಲೆ ಎತ್ತಿಕೊಂಡಾಗ ‘ಅಜ್ಜಿ, ಆ ನೀರು ನನಗೆ ಕೊಡಿ, ನಾನು ಕುಡಿದರೆ ಹಾಲಾಗಿ ಅದಕ್ಕೇ ಹೋಗ್ತದೆ’ ಎಂದೆ. ಅವರು ನಕ್ಕು ಚೊಂಬು ತಂದುಕೊಟ್ಟರು. ಹಿರಿಯರನ್ನು ‘ನಿಮಗೇನು ಗೊತ್ತು’ ಎಂದು ಎದುರಿಸುವುದಕ್ಕಿಂತ ಈ ಮಾತು ಹೆಚ್ಚು ಮನೆಗಳಲ್ಲಿ ನಡೆಯುತ್ತದೆ.

ಮೊದಲ ವಾರ

ಹೆರಿಗೆಯಾದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಿಕೊಳ್ಳಬೇಕು. ಮೊದಲ ಎರಡು ಮೂರು ದಿನ ಬರುವ ಹಳದಿ ಬಣ್ಣದ ಮಂದ ಹಾಲು ಪ್ರಮಾಣದಲ್ಲಿ ಕೆಲವೇ ಚಮಚ. ಹೊಟ್ಟೆಯೂ ಅಷ್ಟೇ ಚಿಕ್ಕದಾದ್ದರಿಂದ ಅದು ಸಾಕು. ‘ಇನ್ನೂ ಹಾಲು ಇಳಿದಿಲ್ಲ’ ಎಂದು ಸಕ್ಕರೆ ನೀರು, ಗ್ಲೂಕೋಸ್ ನೀರು, ಜೇನುತುಪ್ಪ ನೆಕ್ಕಿಸುವುದು ಶುರುವಾಗುವುದು ಈ ಮೂರು ದಿನಗಳಲ್ಲೇ. ಜೇನಿನ ಬಗ್ಗೆ ಇನ್ನೊಂದು ಎಚ್ಚರಿಕೆ: ಅದರಲ್ಲಿ ಇರಬಹುದಾದ ಬಾಟುಲಿಸಂ ರೋಗಾಣುವಿನ ಬೀಜಕಗಳು ಎಳೆಮಕ್ಕಳ ಕರುಳಿನಲ್ಲಿ ವಿಷ ಉಂಟುಮಾಡಬಲ್ಲವಾದ್ದರಿಂದ ಒಂದು ವರ್ಷ ತುಂಬುವವರೆಗೆ ಹನಿ ಜೇನೂ ಬೇಡ. ಹುಟ್ಟಿದ ಮಗುವಿಗೆ ಕಾಮಾಲೆ ಕಾಣಿಸಿಕೊಂಡಾಗ ಗ್ಲೂಕೋಸ್ ನೀರು ಕುಡಿಸಿದರೆ ಇಳಿಯುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ಹಳದಿ ಬಣ್ಣಕ್ಕೆ ಕಾರಣವಾದ ಬಿಲಿರುಬಿನ್ ಮುಖ್ಯವಾಗಿ ಮಲದ ಮೂಲಕ ಹೊರಹೋಗುತ್ತದೆ, ಮಲ ಚೆನ್ನಾಗಿ ಆಗಬೇಕಾದರೆ ಹಾಲು ಹೊಟ್ಟೆ ಸೇರಬೇಕು.

ಹಾಲು ಸಾಕಾಗುತ್ತಿದೆಯೇ ಎಂಬುದನ್ನು ಅಳುವಿನಿಂದ ಅಳೆಯಬೇಡಿ, ಒದ್ದೆ ಬಟ್ಟೆಯನ್ನು ಎಣಿಸಿ. ಮೊದಲ ದಿನ ಒಂದಾದರೂ, ಎರಡನೆಯ ದಿನ ಎರಡಾದರೂ, ಹೀಗೆ ಏರುತ್ತಾ ಐದನೆಯ ದಿನದ ನಂತರ 24 ಗಂಟೆಗಳಲ್ಲಿ ಆರು ಅಥವಾ ಹೆಚ್ಚು ಬಟ್ಟೆ ಒದ್ದೆಯಾಗಿ, ಮೂತ್ರ ತಿಳಿಯಾಗಿದ್ದರೆ ಮಗುವಿನ ಮೈಗೆ ಬೇಕಾದ ನೀರು ಹಾಲಿನಿಂದಲೇ ಸಿಗುತ್ತಿದೆ. ಮೊದಲ ಎರಡು ಮೂರು ದಿನ ಬಟ್ಟೆಯ ಮೇಲೆ ಇಟ್ಟಿಗೆ ಪುಡಿ ಬಣ್ಣದ ಕಲೆ ಕಾಣುವುದುಂಟು. ಅದು ನಾಲ್ಕೈದು ದಿನದ ನಂತರವೂ ಉಳಿದರೆ ಮಾತ್ರ ವೈದ್ಯರಿಗೆ ತೋರಿಸಿ. ಹುಟ್ಟಿದಾಗಿನ ತೂಕದಲ್ಲಿ ಮೊದಲ ದಿನಗಳಲ್ಲಿ ಸ್ವಲ್ಪ ಇಳಿದು ಸುಮಾರು ಎರಡು ವಾರದೊಳಗೆ ಮತ್ತೆ ಬರುವುದು ಸಹಜ, ಇಳಿಕೆ ಶೇ. 10ನ್ನು ದಾಟಿದರೆ ಹಾಲೂಡಿಸುವ ರೀತಿಯನ್ನು ವೈದ್ಯರು ನೋಡಬೇಕು. ಆಗಲೂ ನೀರು ಪರಿಹಾರವಲ್ಲ.

ಎರಡನೆಯ ವಾರದಿಂದ ಆರು ತಿಂಗಳವರೆಗೆ

ಈ ಅವಧಿಯಲ್ಲಿ ಮಾಡಬೇಕಾದದ್ದು ಕಡಿಮೆ, ಬೇರೆಯವರನ್ನು ತಡೆಯಬೇಕಾದದ್ದು ಹೆಚ್ಚು. ಹಗಲು ರಾತ್ರಿ ಸೇರಿ 8ರಿಂದ 12 ಸಲ ಹಾಲೂಡಿಸಿ. ಬಿಸಿಲು ಹೆಚ್ಚಾದಾಗ ಇನ್ನೂ ಒಂದೆರಡು ಸಲ ಹೆಚ್ಚಿಸಿ. ಪ್ರತಿ ಸಲ ಹಾಲೂಡಿಸಲು ಕುಳಿತಾಗ ತಾಯಿಯ ಕೈಗೆಟಕುವಂತೆ ಒಂದು ತಂಬಿಗೆ ನೀರು ಇರಲಿ. ಹಾಲೂಡಿಸುವಾಗ ಬಾಯಾರಿಕೆ ಆಗಿಯೇ ಆಗುತ್ತದೆ. ಬಾಯಾರಿದಷ್ಟು ಕುಡಿದರೆ ಸಾಕು, ಬಲವಂತವಾಗಿ ಚೊಂಬುಗಟ್ಟಲೆ ಕುಡಿದರೆ ಹಾಲು ಹೆಚ್ಚುವುದಿಲ್ಲ. ಬಾಣಂತಿ ನೀರು ಕುಡಿದರೆ ಹೊಟ್ಟೆ ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕುಡಿಯದಿದ್ದರೆ ಮಲಬದ್ಧತೆ, ಉರಿಮೂತ್ರ ಬರುವುದಂತೂ ಖಂಡಿತ ಉಂಟು.

ಬಿಕ್ಕಳಿಕೆ ಬಂದಾಗ ಎಲ್ಲರ ಕೈಯೂ ಮೊದಲು ಹೋಗುವುದು ನೀರಿಗೆ. ಕೂಸಿನ ಬಿಕ್ಕಳಿಕೆ ತಾನಾಗಿ ನಿಲ್ಲುತ್ತದೆ. ತಡೆಯಲಾಗದಿದ್ದರೆ ಎದೆಗೆ ಹಾಕಿಕೊಳ್ಳಿ ಅಥವಾ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿ ತೇಗು ಬರಿಸಿ. ಗ್ರೈಪ್ ವಾಟರ್, ಬಜೆ ತೇಯ್ದ ನೀರು, ಸೋಂಪಿನ ನೀರು, ಓಮದ ನೀರು, ಎಳನೀರು ಇವೆಲ್ಲವೂ ಹೆಸರು ಬೇರೆಯಾದ ನೀರೇ, ಜೊತೆಗೆ ತಮ್ಮದೇ ಆದ ಅಪಾಯವನ್ನೂ ತರುವಂಥವು. ಮಲ ಎರಡು ಮೂರು ದಿನ ಆಗದಿದ್ದರೂ ಮೊದಲ ಒಂದೂವರೆ ತಿಂಗಳು ಕಳೆದ, ಎದೆಹಾಲಷ್ಟನ್ನೇ ಕುಡಿಯುವ ಮಗುವಿನಲ್ಲಿ ಅದು ಸಾಮಾನ್ಯ. ಮಲ ಮೆತ್ತಗೆ ಬರುತ್ತಿದ್ದು ಹೊಟ್ಟೆ ಉಬ್ಬಿರದಿದ್ದರೆ ನೀರು ಕುಡಿಸುವ ಅಗತ್ಯವಿಲ್ಲ.

ವೈದ್ಯರು ಬರೆದುಕೊಟ್ಟ ವಿಟಮಿನ್ ಡಿ ಹನಿ, ಕಬ್ಬಿಣಾಂಶದ ಹನಿ, ಔಷಧಿಯ ಸಿರಪ್ಪು ಮತ್ತು ಪೋಲಿಯೋ, ರೋಟಾವೈರಸ್ ಲಸಿಕೆಯ ಹನಿಗಳು ಈ ನಿಷೇಧಕ್ಕೆ ಒಳಪಡುವುದಿಲ್ಲ. ಹನಿ ಹಾಕಿದ ಮೇಲೆ ‘ಬಾಯಿ ಕಹಿಯಾಗಿದೆ’ ಎಂದು ನೀರು ಕುಡಿಸುವ ಬದಲು ಹಾಲೂಡಿಸಿ. ಕೆಲಸಕ್ಕೆ ಹೋಗುವ ತಾಯಂದಿರು ಹಿಂಡಿಟ್ಟ ಹಾಲನ್ನು ಬಟ್ಟಲು ಮತ್ತು ಚಮಚದಲ್ಲಿ ಕೊಡಲು ಮನೆಯವರಿಗೆ ಹೇಳಿಕೊಡಬೇಕು. ‘ಅಮ್ಮ ಬರುವವರೆಗೆ ಸ್ವಲ್ಪ ನೀರು’ ಎಂಬುದು ನಾನು ಕಂಡಂತೆ ತಿಂಗಳೊಳಗೆ ಬಾಟಲಿಗೆ, ಬಾಟಲಿಯಿಂದ ಹಾಲು ಬತ್ತುವುದಕ್ಕೆ ದಾರಿ ಮಾಡಿಕೊಡುತ್ತದೆ.

ಪುಡಿಹಾಲು ಕುಡಿಯುವ ಮಗುವಿಗೆ

ಯಾವುದೋ ಕಾರಣಕ್ಕೆ ವೈದ್ಯರ ಸಲಹೆಯ ಮೇಲೆ ಪುಡಿಹಾಲು ಕೊಡಬೇಕಾಗಿ ಬಂದಿದ್ದರೂ ಆರು ತಿಂಗಳೊಳಗೆ ಬೇರೆ ನೀರು ಬೇಡ, ಏಕೆಂದರೆ ಹಾಲು ಕಲಸುವ ನೀರೇ ಅದಕ್ಕೆ ಸಾಕು. ವಿಪರೀತ ಸೆಕೆಯಲ್ಲಿ ಏನು ಮಾಡಬೇಕೆಂದು ನಿಮ್ಮ ವೈದ್ಯರನ್ನೇ ಕೇಳಿ. ಇಲ್ಲಿ ಅಪಾಯ ಇರುವುದು ಅಳತೆಯಲ್ಲಿ. ಡಬ್ಬ ದುಬಾರಿ ಎಂದು ಹತ್ತು ದಿನಕ್ಕೆ ಬರುವುದನ್ನು ಹದಿನೈದು ದಿನಕ್ಕೆ ಎಳೆಯಲು ನೀರು ಹೆಚ್ಚಿಸುವ ಮನೆಗಳಿವೆ. ಮಗು ಲೀಟರುಗಟ್ಟಲೆ ಕುಡಿದರೂ ಸೊರಗುತ್ತದೆ, ಸೋಡಿಯಂ ಕುಸಿಯುವ ಭಯವೂ ಇದೆ. ‘ಗಟ್ಟಿಯಾದರೆ ಪುಷ್ಟಿ’ ಎಂದು ಪುಡಿ ಹೆಚ್ಚಿಸುವುದೂ ಅಷ್ಟೇ ಕೆಟ್ಟದ್ದು. ಕುದಿಸಿದ ನೀರನ್ನು ಮೊದಲು ಅಳೆದು ಹಾಕಿ, ಅದು ಇನ್ನೂ ಚೆನ್ನಾಗಿ ಬಿಸಿಯಿರುವಾಗಲೇ, ಅಂದರೆ ಒಲೆಯಿಂದ ಇಳಿಸಿ ಅರ್ಧ ಗಂಟೆ ಮೀರುವುದರೊಳಗೆ, ಡಬ್ಬದೊಳಗಿನ ಚಮಚದಿಂದ ತಲೆ ಸಮ ಮಾಡಿ ಪುಡಿ ಬೆರೆಸಿ, ಆರಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿ ಕುಡಿಸಿ. ಎರಡು ಗಂಟೆಯೊಳಗೆ ಮುಗಿಯದ್ದನ್ನು ಚೆಲ್ಲಿಬಿಡಿ. ನೀರು ಬೆರೆಸಿದ ಹಸುವಿನ ಹಾಲು ಎದೆಹಾಲಿಗೂ ಪುಡಿಹಾಲಿಗೂ ಬದಲಿಯಾಗುವುದಿಲ್ಲ.

ಭೇದಿಯಾದಾಗ

ಆರು ತಿಂಗಳೊಳಗೆ ನೀರಿಲ್ಲ ಎಂಬ ನಿಯಮ ಸಡಿಲವಾಗುವುದು ಇದೊಂದೇ ಕಡೆ, ಅದೂ ಬರೀ ನೀರಿಗಲ್ಲ, ಲವಣ ಮತ್ತು ಸಕ್ಕರೆಯ ಪುಡಿ ಕಲಸಿದ ನೀರಾದ ಓಆರ್‌ಎಸ್‌ಗೆ. ಭೇದಿಯಲ್ಲಿ ನೀರಿನ ಜೊತೆ ಲವಣವೂ ಹೋಗುವುದರಿಂದ ಬರೀ ನೀರು ತುಂಬಿದರೆ ಉಳಿದ ಲವಣವೂ ತೆಳುವಾಗುತ್ತದೆ. ಎದೆಹಾಲನ್ನು ನಿಲ್ಲಿಸಬೇಡಿ, ಇನ್ನೂ ಹೆಚ್ಚು ಸಲ ಕೊಡಿ. ಸರ್ಕಾರಿ ಆಸ್ಪತ್ರೆ, ಆಶಾ ಕಾರ್ಯಕರ್ತೆಯರ ಬಳಿ ಉಚಿತವಾಗಿ ಸಿಗುವ ಓಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಸುರಿದು ಕಲಸಿ, 24 ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ. ಎರಡು ತಿಂಗಳು ದಾಟಿದ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ. ಎಂಬುದು ರೂಢಿಯ ಅಳತೆ. ಚಮಚದಲ್ಲಿ ನಿಧಾನವಾಗಿ ಕೊಡಬೇಕು. ಎರಡು ತಿಂಗಳೊಳಗಿನ ಕೂಸಿಗೆ ಭೇದಿಯಾದರೆ ಮನೆಯಲ್ಲಿ ಪ್ರಯೋಗ ಮಾಡದೆ ಅಂದೇ ವೈದ್ಯರ ಬಳಿ ಹೋಗಿ. ನೆತ್ತಿ ಗುಳಿಬಿದ್ದಿದ್ದರೆ, ಬಾಯಿ ನಾಲಿಗೆ ಒಣಗಿದ್ದರೆ, ಆರೇಳು ಗಂಟೆಯಿಂದ ಬಟ್ಟೆ ಒದ್ದೆಯಾಗಿರದಿದ್ದರೆ, ಎಬ್ಬಿಸಿದರೂ ಹಾಲು ಕುಡಿಯದೆ ತೂಕಡಿಸುತ್ತಿದ್ದರೆ, ಯಾವ ವಯಸ್ಸಾದರೂ ತಡಮಾಡಬೇಡಿ.

180 ದಿನ ಕಳೆದ ಮೇಲೆ

ಆರು ತಿಂಗಳು ತುಂಬಿ, ಕತ್ತು ನಿಂತು, ಆಸರೆ ಕೊಟ್ಟರೆ ಕುಳಿತುಕೊಳ್ಳುವ ಹಂತಕ್ಕೆ ಬಂದ ಮಗುವಿಗೆ ಮೆತ್ತಗಿನ ಊಟ ಶುರುವಾಗುತ್ತದೆ. ನೀರು ಶುರುವಾಗುವುದೂ ಆ ಊಟದ ಜೊತೆಗೇ. ತಿಂಗಳು ತುಂಬುವ ಮುಂಚೆ ಹುಟ್ಟಿದ ಮಕ್ಕಳಿಗೆ ಈ ಲೆಕ್ಕವನ್ನು ವೈದ್ಯರೇ ಹಾಕಿಕೊಡಬೇಕು.

ಮೊದಲ ವಾರ ರಾಗಿ ಸರಿಯೋ ಅಕ್ಕಿ ಬೇಳೆಯ ಸರಿಯೋ ನಾಲ್ಕೈದು ಚಮಚ ತಿಂದಾದ ಮೇಲೆ ಎರಡು ಮೂರು ಗುಟುಕು ನೀರು ಸಾಕು. ನೀರು ಊಟದ ಮುಂಚೆ ಬೇಡ, ಮಧ್ಯೆ ಮತ್ತು ಕೊನೆಗೆ ಇರಲಿ. ಹೊಟ್ಟೆಯ ಜಾಗವನ್ನು ಅದು ಮೊದಲೇ ಹಿಡಿಯಬಾರದು. ಊಟ ಹೆಚ್ಚಿದಂತೆ ನೀರೂ ಹೆಚ್ಚಿ, ಆರರಿಂದ ಹನ್ನೆರಡು ತಿಂಗಳ ಅವಧಿಯಲ್ಲಿ ದಿನವೆಲ್ಲ ಸೇರಿ ಸುಮಾರು 120ರಿಂದ 240 ಮಿ.ಲೀ. ಆಗುತ್ತದೆ. ಇದು ಗುರಿಯಲ್ಲ, ಮೇಲ್ಮಿತಿಯ ಅಂದಾಜು. ಈ ವಯಸ್ಸಿನಲ್ಲೂ ಮಗುವಿನ ಮುಖ್ಯ ಪಾನೀಯ ಎದೆಹಾಲೇ. ನೀರು ಬಟ್ಟಲಿನಲ್ಲಷ್ಟೇ ಅಲ್ಲ, ಸರಿಯೊಳಗೂ ಅಡಗಿರುತ್ತದೆ ಎಂಬುದನ್ನು ಮರೆಯಬೇಡಿ: ಗಂಜಿಯಂತೆ ಹರಿಯುವ ರಾಗಿ ಸರಿ ಹೊಟ್ಟೆಯನ್ನು ನೀರಿನಿಂದಲೇ ತುಂಬಿಸುತ್ತದೆ. ಚಮಚವನ್ನು ಓರೆ ಮಾಡಿದರೆ ಸುರಿಯದೆ ನಿಧಾನಕ್ಕೆ ಜಾರುವ ಹದ ಸರಿಯಾದದ್ದು.

ಯಾವುದರಲ್ಲಿ ಕೊಡಬೇಕು? ಬಾಟಲಿ ಬೇಡ. ಸಣ್ಣ ಸ್ಟೀಲ್ ಲೋಟ ಅಥವಾ ಬಟ್ಟಲು ಉತ್ತಮ. ಅಂಚು ದಪ್ಪಗೆ, ಗುಂಡಾಗಿರಲಿ. ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ಲೋಟದ ಅಂಚನ್ನು ಕೆಳತುಟಿಗೆ ಮುಟ್ಟಿಸಿ, ನೀರು ತುಟಿಗೆ ತಾಗುವಷ್ಟೇ ಬಾಗಿಸಿ ಕಾಯಿರಿ. ನಾಲಿಗೆ ಮುಂದೆ ಬಂದು ಅದೇ ಹೀರುತ್ತದೆ. ಮೊದಲ ದಿನ ಅರ್ಧ ನೀರು ಎದೆಯ ಮೇಲೆ ಸುರಿದು, ಮಗು ಕಣ್ಣರಳಿಸಿ ಮುಖ ನೋಡುತ್ತದೆ. ಒಂದು ವಾರದಲ್ಲಿ ಕಲಿಯುತ್ತದೆ. ಒಳಲೆಯ ಬಗ್ಗೆ ನನಗೆ ಪ್ರೀತಿಯಿದ್ದರೂ ಎರಡು ಮಾತು ಹೇಳಲೇಬೇಕು. ಕಾಲ ಮೇಲೆ ಅಂಗಾತ ಮಲಗಿಸಿ, ಅಳುವ ಬಾಯಿಗೆ ಒಳಲೆಯ ಮೂತಿಯಿಂದ ಸುರಿಯುವ ಹಳೆಯ ಕ್ರಮದಲ್ಲಿ ನೀರು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಮೂತಿಯ ಸಂದಿಯಲ್ಲಿ ಹಾಲಿನ ಪಸೆ ಕಟ್ಟಿಕೊಂಡು ಉಳಿಯುತ್ತದೆ. ಬೆರಳು ಹೋಗುವುದಿಲ್ಲವಾದ್ದರಿಂದ ಸಣ್ಣ ಬ್ರಷ್‌ನಿಂದ ತಿಕ್ಕಿ, ಪ್ರತಿದಿನ ಕುದಿಯುವ ನೀರಿನಲ್ಲಿ ಹಾಕಿ ತೆಗೆಯಬೇಕು.

ನೀರನ್ನು ಸಿದ್ಧಪಡಿಸುವುದು

ನಮ್ಮಲ್ಲಿ ‘ಕಾಯಿಸಿದ ನೀರು’ ಎಂದರೆ ಎಷ್ಟೋ ಮನೆಗಳಲ್ಲಿ ಬೆಚ್ಚಗಾದ ನೀರು ಎಂದೇ ಅರ್ಥ. ಪಾತ್ರೆಯ ತಳದಲ್ಲಿ ಸಣ್ಣ ಗುಳ್ಳೆ ಎದ್ದರೆ ಅದು ಕುದಿಯಲ್ಲ. ಇಡೀ ನೀರು ಕೊತಕೊತನೆ ಮಗುಚುತ್ತಿರಬೇಕು, ಹಾಗೆ ಒಂದು ನಿಮಿಷ ಬಿಡಬೇಕು. ಸಮುದ್ರಮಟ್ಟದಿಂದ 2000 ಮೀಟರಿಗಿಂತ ಎತ್ತರದಲ್ಲಿ ಮೂರು ನಿಮಿಷ ಬೇಕು ಎನ್ನುತ್ತಾರೆ. ಕರ್ನಾಟಕದಲ್ಲಿ ಮುಳ್ಳಯ್ಯನಗಿರಿಯ ನೆತ್ತಿಯೂ ಅಷ್ಟು ಎತ್ತರವಿಲ್ಲ, ಆದ್ದರಿಂದ ಒಂದು ನಿಮಿಷ ಎಲ್ಲರಿಗೂ ನಡೆಯುತ್ತದೆ. ಕುದಿಸಿದ ಪಾತ್ರೆಯಲ್ಲೇ ತಟ್ಟೆ ಮುಚ್ಚಿ ಆರಲು ಬಿಡಿ. ಲೋಟ ಅದ್ದಿ ತೆಗೆಯಬೇಡಿ, ಬೆರಳು ನೀರಿಗೆ ತಾಗುತ್ತದೆ. ಉದ್ದ ಹಿಡಿಯ ಸೌಟು ಇಟ್ಟುಕೊಳ್ಳಿ ಅಥವಾ ಬಗ್ಗಿಸಿ ಸುರಿದುಕೊಳ್ಳಿ. ದಿನಕ್ಕೊಮ್ಮೆ ಹೊಸದಾಗಿ ಕುದಿಸಿ.

ಕುದಿಸುವುದರಿಂದ ರೋಗಾಣು ಸಾಯುತ್ತವೆ, ಫ್ಲೋರೈಡ್ ಮತ್ತು ನೈಟ್ರೇಟ್ ಹೋಗುವುದಿಲ್ಲ; ನೀರು ಆವಿಯಾದಷ್ಟು ಅವು ಇನ್ನೂ ಗಾಢವಾಗುತ್ತವೆ. ಕೋಲಾರ, ಪಾವಗಡದ ಕಡೆಯ ಆಳವಾದ ಕೊಳವೆಬಾವಿಗಳ ಫ್ಲೋರೈಡ್ ಎಲ್ಲರಿಗೂ ಗೊತ್ತಿರುವ ಸಂಗತಿ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಲೀಟರಿಗೆ ಫ್ಲೋರೈಡ್ 1 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ ಹೆಚ್ಚೆಂದರೆ 1.5, ನೈಟ್ರೇಟ್‌ಗೆ ಮಿತಿ 45 ಮಿಲಿಗ್ರಾಂ. ಗೊಬ್ಬರ ಹಾಕಿದ ಹೊಲದ ಪಕ್ಕದ ಬಾವಿ, ಶೌಚದ ಗುಂಡಿಗೆ ಹತ್ತಿರದ ಬಾವಿಯ ನೀರಿನಲ್ಲಿ ನೈಟ್ರೇಟ್ ಹೆಚ್ಚಿರಬಹುದು. ಅಂಥ ನೀರಿನಲ್ಲಿ ಪುಡಿಹಾಲು ಕಲಸಿ ಕೊಟ್ಟರೆ ಎಳೆಕೂಸಿನ ರಕ್ತ ಆಮ್ಲಜನಕವನ್ನು ಸರಿಯಾಗಿ ಸಾಗಿಸಲಾರದೆ ತುಟಿ, ಉಗುರು ನೀಲಿಗಟ್ಟುತ್ತವೆ. ಇಂಥ ಊರುಗಳಲ್ಲಿ ಪಂಚಾಯಿತಿಯ ಶುದ್ಧ ನೀರಿನ ಘಟಕದ ನೀರನ್ನೇ ಮಗುವಿಗೆ ಬಳಸಿ, ಆದರೆ ಮನೆಗೆ ತಂದ ಮೇಲೆ ಅದನ್ನೂ ಕುದಿಸಿ. ಘಟಕದಲ್ಲಿ ಶುದ್ಧವಾಗಿದ್ದದ್ದು ಪಾಚಿ ಹಿಡಿದ ಕ್ಯಾನಿನಲ್ಲಿ ಎರಡು ದಿನ ನಿಂತರೆ ಶುದ್ಧವಾಗಿ ಉಳಿಯುವುದಿಲ್ಲ.

ಒಂದು ವರ್ಷದ ನಂತರ

ಹುಟ್ಟುಹಬ್ಬ ಕಳೆದ ಮೇಲೆ ಅಳತೆಯ ಚಿಂತೆ ಬಿಡಬಹುದು. ಊಟದ ಜೊತೆ, ಆಟವಾಡಿ ಬಂದಾಗ, ನಿದ್ದೆಯಿಂದ ಎದ್ದಾಗ ಲೋಟ ಮುಂದಿಡಿ. ಬೇಕಾದಷ್ಟು ಕುಡಿದು ತಾನೇ ತಳ್ಳುತ್ತದೆ, ತಳ್ಳಿದ ಮೇಲೆ ಒತ್ತಾಯ ಬೇಡ. ಕಾಫಿ, ಟೀ, ಪೊಟ್ಟಣದ ಹಣ್ಣಿನ ರಸ, ಗ್ಲೂಕೋಸ್ ಪುಡಿ ಕದಡಿದ ನೀರು ಯಾವುದೂ ಬಾಯಾರಿಕೆಗೆ ಬೇಕಿಲ್ಲ. ಸಿಹಿ ನೀರಿನ ರುಚಿ ಹತ್ತಿದ ಮಗು ಸಪ್ಪೆ ನೀರನ್ನು ಉಗುಳಲು ಕಲಿಯುತ್ತದೆ, ಅದನ್ನು ಬಿಡಿಸಲು ಪಟ್ಟ ಪಾಡನ್ನು ನನ್ನ ಎರಡನೆಯವನು ನನಗೆ ಚೆನ್ನಾಗಿಯೇ ಕಲಿಸಿದ. ಕೊನೆಗೆ ದಿನಕ್ಕಿಷ್ಟು ಎಂದು ಸಕ್ಕರೆ ಇಳಿಸುತ್ತಾ ಹೋಗಿ, ಮೂರು ವಾರದಲ್ಲಿ ಸಪ್ಪೆ ನೀರಿಗೆ ತಂದೆ.